ತಲೈವರ ಮುಖ

ಒಡೆಯುವವರು ಬರುವ ಮೊದಲೇ ಜಲಜಾಕ್ಷಿ ಸ್ಟೂಲು ಹತ್ತಿದ್ದರು. ಹೋಟೆಲಿನ ಎದುರಿಗಿದ್ದ, ಪಕ್ಷದ ನಾಯಕ ತಲೈವರ ಪ್ರತಿಮೆಯ ಕೆನ್ನೆಯಿಂದ ಕಾಗೆಯ ಹಿಕ್ಕೆಯನ್ನು ಸೆರಗಿನಲ್ಲೇ ಒರೆಸುತ್ತಿದ್ದರು. ಗಲ್ಲಾದಲ್ಲಿ ಕೂತಿದ್ದ ಸೊಸೆ ವೀಕ್ಷಾಳಿಗೆ ಮೈ ಉರಿಯಿತು.

ಉರಿಯದೆ ಇನ್ನೇನು? ತಿರುವೊಟ್ಟಿಯೂರಿನಲ್ಲಿ ಯಾರನ್ನೇ ಕೇಳಿ, ಹೋಟೆಲಿನ ಅಮ್ಮನಿಗೂ ತೀರಿಹೋದ ತಲೈವರಿಗೂ ಏನಿತ್ತೆಂದು ಕಣ್ಣು ಮಿಟುಕಿಸಿ ಹೇಳುತ್ತಾರೆ. ಸಾಕ್ಷಿ ಬೇಕೆಂದರೆ ಮಗ ಸೂರಜನತ್ತ ಬೆರಳು ತೋರಿಸುತ್ತಾರೆ. ಅದೇ ಅಗಲ ಹಣೆ, ಅದೇ ತುಸು ಸೊಟ್ಟ ಮೂಗು. ಅವನ ಅಪ್ಪ ಕೃಷ್ಣರಾಜ, ಮಗ ಹುಟ್ಟುವ ಮೊದಲೇ ಹೋದವರು. ಅವರ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ನೀರು ನುಗ್ಗಿದ ವರ್ಷ ಆಲ್ಬಂ ಹೋಯಿತು ಎನ್ನುತ್ತಾರೆ ಅತ್ತೆ. ಹೋಯಿತೋ, ಹೋಗಲೆಂದು ಬಿಟ್ಟರೋ, ಯಾರು ಕಂಡರು?

ತಲೈವರೋ, ಬದುಕಿದ್ದಾಗಲೇ ತನ್ನ ಪ್ರತಿಮೆಯನ್ನು ತಾನೇ ನಿಲ್ಲಿಸಿಕೊಂಡ ಮಹಾನುಭಾವ. ಉಳಿದಿರುವ ಒಂದೆರಡು ಫೋಟೋಗಳಲ್ಲಿ ಅರ್ಧ ಮುಖ ಮೈಕಿನ ಹಿಂದೆ. ಹಾಗಾಗಿ ಪೋಸ್ಟರು ಬರೆಯುವವರೂ ಪ್ರತಿಮೆ ನೋಡಿಯೇ ಬರೆದರು. 'ಇದು ಸುಳ್ಳು ಹೇಳುವ ಮುಖವೇ?' ಎನ್ನುತ್ತ ಜನ ವರ್ಷವರ್ಷವೂ ಹಾರ ಹಾಕಿದರು. ಕಳೆದ ವಾರ ಕಾರ್ಖಾನೆಯ ಮುದಿ ಮ್ಯಾನೇಜರನೊಬ್ಬ ವಿಡಿಯೋದಲ್ಲಿ ಬಾಯಿಬಿಟ್ಟ. ಕೂಲಿಕಾರರ ಮುಷ್ಕರ ಮುರಿಯಲು ತಲೈವರು ದುಡ್ಡು ತಿಂದಿದ್ದರಂತೆ. ಅದೇ ಜನ ಅದೇ ಮುಖ ನೋಡಿ, 'ಕಳ್ಳಕಳೆ ಮೊದಲೇ ಕಾಣುತ್ತಿತ್ತು' ಎಂದರು. ಜನ ಮರುಳೋ ಜಾತ್ರೆ ಮರುಳೋ.

ಪಕ್ಷದ ವಾರ್ಡ್ ಕಾರ್ಯದರ್ಶಿ ಮೋಹನ್ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. ಜಲಜಾಕ್ಷಿಯೂ ಸ್ಟೂಲು ಹಿಡಿದು ಹಿಂದೆಯೇ ಬಂದರು.

"ಅಮ್ಮಾ, ಸುತ್ತಿಗೆ ತಗೊಂಡು ಹೊರಟಿದ್ದಾರೆ. ಪೊಲೀಸರು ಫೋನೇ ಎತ್ತುತ್ತಿಲ್ಲ. ತಲೈವರ ರಕ್ತ ಎದುರು ನಿಂತರೆ ಮಾತ್ರ ಪ್ರತಿಮೆ ಉಳಿಯುತ್ತೆ. ನಮ್ಮ ಜನಕ್ಕೆ ವಾರಸುದಾರ ಸಿಕ್ಕರೆ ಸಾಕು, ಮಿಕ್ಕಿದ್ದೆಲ್ಲ ಮರೀತಾರೆ." ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೂರಜನನ್ನು ನೋಡಿದ. "ತಂಬಿ ಯಾರ ಮಗ ಅಂತ ನೀವು ಒಂದು ಮಾತು ಹೇಳಬೇಕು."

"ನಿಮ್ಮ ತಲೈವ ಕಳ್ಳ," ಎಂದರು ಜಲಜಾಕ್ಷಿ. "ಅದು ತಿಳಿಯಲಿಕ್ಕೆ ನನಗೆ ವಿಡಿಯೋ ಬೇಕಿರಲಿಲ್ಲ."

ಮೋಹನನ ಮುಖ ಇಳಿಯಿತು. ವೀಕ್ಷಾಳ ಎದೆ ಹಗುರಾಯಿತು. ಅಷ್ಟರಲ್ಲಿ ಬೀದಿ ತಿರುವಿನಲ್ಲಿ ಕೂಗು ಕೇಳಿಸಿತು.

ಜಲಜಾಕ್ಷಿ ಮಗನ ಕೈ ಹಿಡಿದು ಸರಸರನೆ ಹೊರಗೆ ಹೋದರು. ಪೀಠಕ್ಕೆ ಬೆನ್ನು ಕೊಟ್ಟು ನಿಂತು, ಬೀದಿಗೆಲ್ಲ ಕೇಳುವಂತೆ ತಮಿಳಿನಲ್ಲಿ ಹೇಳಿದರು: "ಈ ಪೀಠದ ಮೇಲೆ ಇರುವವರೇ ಇವನ ಅಪ್ಪ. ಮೊದಲು ನನ್ನನ್ನು ಒಡೆಯಿರಿ, ಆಮೇಲೆ ಅವರನ್ನು."

ಜನ ಸೂರಜನನ್ನು ನೋಡಿದರು, ಪ್ರತಿಮೆಯನ್ನು ನೋಡಿದರು. ಸುತ್ತಿಗೆಗಳು ಕೆಳಗಿಳಿದವು. ಯಾರೋ ಜೈಕಾರ ಕೂಗಿದ. ಎಲ್ಲರಿಗಿಂತ ದೊಡ್ಡ ಸುತ್ತಿಗೆ ತಂದಿದ್ದವನೇ ಹಾರ ತರಲು ಓಡಿದ. ಕಾಫಿ ಆರುವಷ್ಟರಲ್ಲಿ ಕಳ್ಳ ಮತ್ತೆ ತ್ಯಾಗಮೂರ್ತಿಯಾಗಿದ್ದ. ಅವರ ನಡುವೆ ಸೂರಜ್ ನೆಲ ನೋಡುತ್ತ ನಿಂತಿದ್ದ. ಗಂಡನ ಆ ತಗ್ಗಿದ ತಲೆಯನ್ನು ವೀಕ್ಷಾಳಿಗೆ ನೋಡಲಾಗಲಿಲ್ಲ.

ಅತ್ತೆ ಒಳಗೆ ಬಂದದ್ದೇ ಅವಳು ತಡೆದು ನಿಲ್ಲಿಸಿದಳು.

"ಆ ಕಳ್ಳನ ಸಿಮೆಂಟಿಗೋಸ್ಕರ ನಿಮ್ಮ ಮರ್ಯಾದೆ ಬೀದಿಗೆ ಚೆಲ್ಲಿದಿರಿ. ಮಗನದ್ದೂ ಹೋಯಿತು. ಆ ತಲೈವನ ಮೇಲೆ ಅಷ್ಟು ಪ್ರೀತಿಯಾ ಅತ್ತೆ?"

"ಥೂ," ಎಂದರು ಜಲಜಾಕ್ಷಿ. ಸ್ಟೂಲಿನ ಮೇಲೆ ಕುಸಿದು ಕೂತರು. "ಅವನ ಮೋರೆ ನೀನು ನೋಡ್ಲಿಲ್ಲ ಮಾರಾಯ್ತಿ. ಅದಕ್ಕೆ ಯಾರು ಹಾರ ಹಾಕ್ತಿದ್ರು? ಪ್ರತಿಮೆ ಮಾಡುವವನಿಗೇ ಮನಸ್ಸು ಬರ್ಲಿಲ್ಲ. ದಿನಾ ನಮ್ಮಲ್ಲೇ ಊಟ ಆ ಶಿಲ್ಪಿಗೆ. ಊಟ ಮಾಡ್ತಾ ಮಾಡ್ತಾ, ಆಗ ಗಲ್ಲಾದಲ್ಲಿ ಕೂರ್ತಿದ್ದವರನ್ನೇ ನೋಡ್ತಿದ್ದ. ಕೊನೆಗೆ ಆ ಮುಖವನ್ನೇ ಮಾಡಿಟ್ಟ. ತಲೈವನಿಗೂ ಭಾರೀ ಖುಷಿ, ತಾನು ಇಷ್ಟು ಚಂದ ಇದ್ದೇನಾ ಅಂತ. ಸತ್ಯ ಹೇಳಿದ್ರೆ ಪಕ್ಷದವರೇ ಒಡೀತಾರೆ ಅಂತ ಸೂರಜನಿಗೂ ಹೇಳ್ಲಿಲ್ಲ ನಾನು."

ವೀಕ್ಷಾ ತಾನು ಕೂರುವ ಗಲ್ಲಾದ ಕುರ್ಚಿಯ ಕಡೆ ತಿರುಗಿದಳು.

"ಹೋಗಿ ಸೂರಜನನ್ನು ಒಳಗೆ ಕರಿ. ಪೀಠದ ಮೇಲೆ ಇರೋದು ನಿನ್ನ ಮಾವ. ಅವರ ಮುಖ ಅಂತ ನನಗೆ ಉಳಿದದ್ದು ಅದೊಂದೇ."