ಏಳು ಬಿಲ್ಲೆಗಳು

ಮೂರನೆಯ ಹೊಡೆತಕ್ಕೆ ಮೇಸ್ತ್ರಿಯ ಹಲ್ಲು ಮುರಿಯಿತು. ನಾಲ್ಕನೆಯದಕ್ಕೆ ಸತ್ತವನ ತಮ್ಮ ಕೈ ಎತ್ತಲಿಲ್ಲ. ಗೋಡೆಗೆ ಒರಗಿಸಿದ್ದ, ಮಂಜುಗಡ್ಡೆ ಎಳೆಯುವ ಕಬ್ಬಿಣದ ಕೊಕ್ಕೆಯನ್ನು ಎತ್ತಿಕೊಂಡ.

ಐಸ್ ಕಾರ್ಖಾನೆಯ ಊಟದ ಕೋಣೆ. ಮಟಮಟ ಮಧ್ಯಾಹ್ನ. ಬಾಗಿಲಲ್ಲಿ ಏಳು ಜನ ಕೆಲಸಗಾರರು ನಿಂತಿದ್ದರು. ಹನ್ನೊಂದು ದಿನದ ಹಿಂದೆ ಅವರ ಜೀವ ಉಳಿಸಿದವನು ಇದೇ ಮೇಸ್ತ್ರಿ ಎಂದು ಕಾರ್ಖಾನೆಯಲ್ಲೆಲ್ಲ ಮಾತು. ಈಗ ಒಬ್ಬನೂ ಹೆಜ್ಜೆ ಮುಂದಿಡಲಿಲ್ಲ.

"ಬಿಡಪ್ಪಾ, ಸತ್ತೇ ಹೋಗ್ತಾರೆ," ಎಂದ, ಕೈಗೆ ಬ್ಯಾಂಡೇಜು ಸುತ್ತಿದ್ದವನು.

"ಸಾಯ್ಲಿ ಅಂತಾನೇ ಹೊಡೀತಿರೋದು. ಮುದ್ದು ಮಾಡ್ತಿದೀನಿ ಅಂದ್ಕೊಂಡ್ಯಾ?"

ಗಲಾಟೆ ಕೇಳಿ ಸತ್ತವನ ಹೆಂಡತಿ ಓಡಿಬಂದಳು. ಗೇಟಿನ ಹೊರಗೆ ಅವಳದೊಂದು ಟೀ ಅಂಗಡಿ. ಹೆಗಲ ಮೇಲೆ ಲೋಟ ಒರೆಸುವ ಬಟ್ಟೆ ಹಾಗೇ ಇತ್ತು. ಏಳು ಜನ ಸರಿದು ದಾರಿ ಬಿಟ್ಟರು. ಈ ಹನ್ನೊಂದು ದಿನವೂ ಅವರು ಅವಳಿಗೆ ಹೀಗೆಯೇ ದಾರಿ ಬಿಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಒಬ್ಬ ನೀರು ತಂದಿಡುತ್ತಿದ್ದ, ಇನ್ನೊಬ್ಬ ಸೋರುವ ತಗಡು ಸರಿ ಮಾಡುತ್ತಿದ್ದ. ಮುಖ ಮಾತ್ರ ಯಾರೂ ನೋಡುತ್ತಿರಲಿಲ್ಲ.

"ಬನ್ನಿ ಅತ್ತಿಗೆ, ನೀವೂ ಕೇಳಿ." ಅವಳ ಮೈದುನ ಕೊಕ್ಕೆಯ ಚೂಪನ್ನು ಮೇಸ್ತ್ರಿಯ ಗದ್ದದ ಕೆಳಗಿಟ್ಟ. "ಹೇಳು. ನಮ್ಮಣ್ಣನ್ನ ಹೇಗೆ ಕೊಂದೆ, ನಿನ್ನ ಬಾಯಲ್ಲೇ ಹೇಳು."

ಮೇಸ್ತ್ರಿ ಕೆಮ್ಮಿದ. ಅಂದಿನಿಂದ ಅವನ ಕೆಮ್ಮು ನಿಂತಿರಲಿಲ್ಲ. ಇಂದು ಅದರ ಜೊತೆ ರಕ್ತವೂ ಬಂತು.

"ಗಡ್ಡೆ ಕಟ್ಟೋ ಕೋಣೇಲಿ ಅಮೋನಿಯಾ ಗ್ಯಾಸ್ ಪೈಪ್ ಒಡೀತು. ನಿಮ್ಮಣ್ಣ ಒಳಗಿದ್ದ. ಪಕ್ಕದ ಪ್ಯಾಕಿಂಗ್ ಹಾಲಿಗೆ ಗ್ಯಾಸ್ ನುಗ್ತಾ ಇತ್ತು. ನಾನು ಹೊರಗೆ ಓಣೀಲಿದ್ದೆ. ಅಲ್ಲಿರೋ ಸರಪಳಿ ಎಳೆದ್ರೆ ಎರಡರ ನಡುವಿನ ಬಾಗಿಲು ಇಳಿಯತ್ತೆ, ಬಿಟ್ರೆ ಮೇಲೇರತ್ತೆ. ಕೋಣೆಗೆ ಅದೊಂದೇ ಬಾಗಿಲು. ಎಳೆದು ಹಿಡ್ಕೊಂಡೆ."

"ಹಾಲಲ್ಲಿ ಇವರಿದ್ದದ್ದು ಕಂಡ್ಯಾ?"

"ಎಲ್ಲಿ ಕಾಣತ್ತೆ? ಬರೀ ಬಿಳೀ ಹೊಗೆ. ಹಲಗೆ ನೋಡಿದೆ."

ಹಲಗೆ ಓಣಿಯ ಗೋಡೆಯಲ್ಲಿತ್ತು. ಒಳಗೆ ಹೋಗುವವನು ತನ್ನ ಹಿತ್ತಾಳೆ ಬಿಲ್ಲೆಯನ್ನು ಅಲ್ಲಿ ನೇತುಹಾಕಬೇಕು, ಹೊರಗೆ ಬಂದರೆ ತೆಗೆದುಕೊಳ್ಳಬೇಕು. ಅದು ಮೇಸ್ತ್ರಿಯೇ ಮಾಡಿದ್ದ ನಿಯಮ. ಅಂದು ಹಾಲಿನ ಸಾಲಿನಲ್ಲಿ ಏಳು ಬಿಲ್ಲೆ, ಕೋಣೆಯ ಸಾಲಿನಲ್ಲಿ ಒಂದು.

"ಅಣ್ಣ ಬಾಗಿಲು ಬಡೀಲಿಲ್ವಾ?"

"ಬಡಿದ. ನಲವತ್ತೊಂದು ಸಲ."

ಕೊಕ್ಕೆ ಚರ್ಮದೊಳಗೆ ಇಳಿಯಿತು. ಕುತ್ತಿಗೆಯ ಮೇಲೆ ಕೆಂಪು ಗೆರೆ ಹರಿಯಿತು.

"ನಲವತ್ತೊಂದು ಸಲ ಬಡಿದ್ರೂ ಸರಪಳಿ ಬಿಡ್ಲಿಲ್ಲ! ಹಾಲಲ್ಲಿ ಮೂರೇ ಜನ ಇದ್ದಿದ್ರೆ? ಇಬ್ಬರಿದ್ದಿದ್ರೆ? ಎಷ್ಟು ಜನಕ್ಕೆ ನಮ್ಮಣ್ಣ ಸಾಯ್ಬೇಕಿತ್ತು? ಯಾರೋ ನಿನ್ನ ಕೈಗೆ ತಕ್ಕಡಿ ಕೊಟ್ಟಿದ್ದು?"

"ಯಾರೂ ಕೊಡ್ಲಿಲ್ಲ. ಸರಪಳಿ ಕೈಲಿತ್ತು, ಅಷ್ಟೇ." ಮೇಸ್ತ್ರಿ ಕಣ್ಣು ಮುಚ್ಚಿದ. "ಆ ಕಡೆ ಯಾರೂ ಇಲ್ದೆ ಹೋಗಿದ್ರೆ ನಾನೇ ನುಗ್ಗಿ ಅವನ್ನ ಹೊತ್ತು ತರ್ತಿದ್ದೆ. ಎರಡು ನಿಮಿಷದ ಕೆಲಸ. ಬಡಿಯೋದು ನಿಂತಿತು, ನಾನೂ ಬಿದ್ದೆ. ಕಣ್ಣು ಬಿಟ್ಟಾಗ ಇವರು ಏಳೂ ಜನ ಸುತ್ತ ನಿಂತಿದ್ರು. ಆ ಏಳು ಮುಖ ನೆನೆಸ್ಕೊಂಡ್ರೆ ಮಾತ್ರ ರಾತ್ರಿ ನಿದ್ದೆ ಬರತ್ತೆ. ಇಲ್ದಿದ್ರೆ ಅದೇ ಸರಪಳೀಲಿ ನೇಣು ಹಾಕ್ಕೊಳ್ತಿದ್ದೆ."

ಮೈದುನ ಬಾಗಿಲ ಕಡೆ ತಿರುಗಿ ಉಗಿದ. "ನೋಡಿ ಅತ್ತಿಗೆ, ಅಣ್ಣನ ಜೀವ ತಿಂದು ಹೇಗೆ ಕಲ್ಲುಗುಂಡಿನ ಹಾಗೆ ನಿಂತಿದಾರೆ! ಇವರು ಏಳು ಜನ ಬದುಕಿದ್ರು ಅನ್ನೋ ಒಂದೇ ಕಾರಣಕ್ಕೆ ನನ್ನ ಕೈ ತಡೀತಿದೆ. ಹೇಳಿ. ನೀವು ಹೂಂ ಅನ್ನಿ, ಕೊಕ್ಕೆ ಇಳಿಸ್ತೀನಿ. ಬೇಡ ಅಂದ್ರೆ ಬಿಡ್ತೀನಿ."

ಅವಳು ಏಳು ಜನರನ್ನೂ ನೋಡಿದಳು. ಒಬ್ಬೊಬ್ಬರನ್ನಾಗಿ, ನಿಧಾನವಾಗಿ. ಬ್ಯಾಂಡೇಜಿನ ಕೈಯವನು ಆ ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡ. ಎಲ್ಲರಿಗಿಂತ ಹಿರಿಯನು ತಲೆ ತಗ್ಗಿಸಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಏಳು ಮನೆಯಲ್ಲಿ ಮಕ್ಕಳು ಅಪ್ಪಾ ಅಂತ ಕರೀತಿವೆ," ಎಂದಳು. "ಕೊಕ್ಕೆ ಕೆಳಗಿಡು."

"ಅಂದ್ರೆ ಇವನು ಮಾಡಿದ್ದು ಸರೀನಾ?"

"ಸರಿ ಅಂತ ನಾನೆಲ್ಲಿ ಅಂದೆ? ಸಾಕು ಅಂದೆ. ಇನ್ನೊಂದು ಹೆಣ ತೊಳೆಯೋ ಶಕ್ತಿ ನನಗಿಲ್ಲ, ತಮ್ಮಾ."

ಕೊಕ್ಕೆ ನೆಲಕ್ಕೆ ಬಿದ್ದು ಟಣ್ ಎಂದಿತು. ಮೈದುನ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಹೊರಗೆ ಹೋದ.

ಅವಳು ಹೆಗಲ ಮೇಲಿನ ಬಟ್ಟೆ ತೆಗೆದು, ಮಗುವಿನ ಮೂಗು ಒರೆಸುವಂತೆ ಮೇಸ್ತ್ರಿಯ ಬಾಯಿಯ ರಕ್ತ ಒರೆಸಿದಳು. ಅವನು ಅವಳ ಕೈ ಹಿಡಿದುಕೊಂಡ.

"ತಂಗೀ, ಏಳು ಜನ ಉಳಿದ್ರಲ್ಲಾ? ಅದಾದ್ರೂ ಆಯ್ತಲ್ಲಾ?"

ಅವಳು ಕೈ ಬಿಡಿಸಿಕೊಂಡು, ಬಟ್ಟೆ ಮಡಿಸಿ ಅವನ ತಲೆಯ ಕೆಳಗಿಟ್ಟಳು.

"ಆಯ್ತು ಅಣ್ಣಾ. ಉಳಿಸಿದ್ರಿ. ಮಲಗಿ."

ಅಂಗಡಿಗೆ ಮರಳಿ, ಅರ್ಧ ಬಾಗಿಲು ಎಳೆದುಕೊಂಡಳು. ಬೆಂಚಿನ ಕೆಳಗೆ ಗೋಣಿಯಲ್ಲಿ ಮುಚ್ಚಿಟ್ಟಿದ್ದ ತಟ್ಟೆಯನ್ನು ಹೊರಗೆಳೆದಳು. ಹನ್ನೊಂದು ದಿನದಿಂದ ಅದರಲ್ಲಿದ್ದವನ್ನು ತೊಳೆಯಲು ಅವಳಿಗೆ ಕೈ ಬಂದಿರಲಿಲ್ಲ. ಇಂದು ತೊಳೆಯತೊಡಗಿದಳು, ಒಂದೊಂದಾಗಿ.

ಅಂದು ಬಿಲ್ಲೆಗಳನ್ನು ಹಲಗೆಯಲ್ಲೇ, ಹಾಲನ್ನು ಖಾಲಿ ಬಿಟ್ಟು, ಅವಳ ಗಂಡನೊಬ್ಬನನ್ನೇ ಕಾವಲಿಗೆ ನಿಲ್ಲಿಸಿ ಟೀಗೆಂದು ಕದ್ದು ಬಂದಿದ್ದವರು, ಸೈರನ್ ಕೂಗಿದೊಡನೆ ಅವಳ ಬೆಂಚಿನ ಮೇಲೆಯೇ ಬಿಟ್ಟು ಓಡಿದ್ದ ಏಳು ಲೋಟಗಳು.