ಸತ್ತ ಮರಿಯ ತೊಗಲು

ಅಪ್ಪ ಹೇಳಿಕೊಟ್ಟಿದ್ದಂತೆ, ಸತ್ತ ಮರಿಯ ತೊಗಲನ್ನು ತಬ್ಬಲಿ ಮರಿಯ ಬೆನ್ನಿಗೆ ಹೊದಿಸಿ ವಿಲ್ಮಾ ಹೊಟ್ಟೆಯಡಿ ದಾರ ಬಿಗಿದಳು. ಅವರಿಗಿದ್ದದ್ದು ಉಣ್ಣೆಗೆಂದು ಸಾಕಿದ ಆರೇ ಆರು ಅಲ್ಪಾಕಾ. ಅವುಗಳಲ್ಲಿ ಮರಿ ಕಳೆದುಕೊಂಡ ಫುಯು, ನಿನ್ನೆಯಿಂದ ಈ ತಬ್ಬಲಿಯ ಮೇಲೆ ಉಗುಳಿ, ಅದನ್ನು ಒದ್ದು ಓಡಿಸುತ್ತಿತ್ತು. ಈಗ ಕತ್ತು ಚಾಚಿ ತೊಗಲನ್ನು ಮೂಸಿತು. ಮತ್ತೊಮ್ಮೆ ಮೂಸಿ, ಮೂಗಿನಲ್ಲೇ ಗುನುಗಿ, ಸುಮ್ಮನೆ ನಿಂತಿತು. ಮರಿ ಕೆಚ್ಚಲಿಗೆ ಬಾಯಿಟ್ಟಿತು.

"ಮೋಸ ಹೋದ್ಯಲ್ಲೇ ದಡ್ಡಿ! ವಾಸನೆ ಒಂದಿದ್ರೆ ಸಾಕಾ ನಿಂಗೆ?" ವಿಲ್ಮಾ ನಕ್ಕಳು.

ಕಲ್ಲುಗೋಡೆಯಾಚೆಯಿಂದ ಅಪ್ಪ ಎವಾರಿಸ್ತೊ ಕೂಗಿದ. "ಮಗಳೇ, ಫೆಲೀಪಾ ಬಂದ್ಳು. ಇನ್ಮೇಲೆ ನಿಂಗೆ ಅಮ್ಮನಾಗಿ ನಮ್ಮನೇಲೇ ಇರ್ತಾಳೆ."

"ಇರ್ಲಿ ಬಿಡು. ನನ್ನ ಹತ್ರ ಮಾತ್ರ ಬರೋದು ಬೇಡ," ಎಂದಳು ವಿಲ್ಮಾ, ತಿರುಗದೆ.

ಹೆಜ್ಜೆ ಸಪ್ಪಳ ಬೆನ್ನ ಹಿಂದೆಯೇ ಬಂದು ನಿಂತಿತು. ಜೊತೆಗೆ ಒಲೆಯ ಹೊಗೆ, ಪುದೀನದಂಥ ಮುನ್ಯಾ ಸೊಪ್ಪು, ಹಳೆ ಉಣ್ಣೆ ಬೆರೆತ ವಾಸನೆ. ಅಮ್ಮನ ವಾಸನೆ! ವಿಲ್ಮಾ ಥಟ್ಟನೆ ತಿರುಗಿದಳು. ಹೊಸಬಳ ಹೆಗಲ ಮೇಲೆ ಅಮ್ಮನ ಕೆಂಪು ಹೊದಿಕೆ ಇತ್ತು. ಅಮ್ಮ ಸತ್ತ ಐದನೆಯ ದಿನ, ಊರ ಪದ್ಧತಿಯಂತೆ ಅವಳ ಬಟ್ಟೆಗಳನ್ನೆಲ್ಲ ಹೊಳೆಯಲ್ಲಿ ತೊಳೆದು ಸುಟ್ಟಾಗ ಅದೂ ಬೂದಿಯಾಯಿತೆಂದೇ ವಿಲ್ಮಾ ನಂಬಿದ್ದಳು.

"ನಿಮ್ಮಪ್ಪ ಕೊಟ್ಟಿದ್ದು ಕಣವ್ವ," ಫೆಲೀಪಾ ತಡವರಿಸಿದಳು. "ಹೊದ್ಕೊಂಡು ಹೋಗು, ಹತ್ರ ಸೇರಿಸ್ಕೋತಾಳೆ ಅಂದ್ರು."

ಅಪ್ಪ ಗೋಡೆಯಾಚೆ ತಲೆ ತಗ್ಗಿಸಿ ನಿಂತಿದ್ದ. ಬೈಯಲೆಂದು ವಿಲ್ಮಾ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಾಲು ಆ ಹೊದಿಕೆಯತ್ತ ಒಂದು ಹೆಜ್ಜೆ ಇಟ್ಟಾಗಿತ್ತು.