ಬಾತುಮರಿ ನೆತ್ತಿಗೆ ಹರಳೆಣ್ಣೆ

ನಿಮ್ಮನೇಲಿ ಯಾರಾದ್ರೂ ಬಾತುಕೋಳಿ ಮರಿ ನೆತ್ತಿಗೆ ಹರಳೆಣ್ಣೆ ತಟ್ಟಿದ್ದು ನೋಡಿದೀರಾ? ನಗಬ್ಯಾಡಿ, ನಮ್ಮಜ್ಜಿ ತಟ್ಟಿದ್ಲು. ಈಗ್ಲೂ ಹರಳೆಣ್ಣೆ ವಾಸ್ನೆ ಮೂಗಿಗೆ ಬಡಿದ್ರೆ ರಾಮನಾಥಪುರದ ಅಜ್ಜಿಮನೆ ಹಿತ್ಲು ಕಣ್ಮುಂದೆ ಬತ್ತದೆ.

ಮಾವ ತಂದ ಮರಿಗಳಲ್ಲಿ ಒಂದಕ್ಕೆ ತಲೆ ಮೇಲೆ ಹತ್ತಿ ಉಂಡೆ ಅಂಟಿಸ್ದಂಗೆ ಜುಟ್ಟಿತ್ತು. ಅಜ್ಜಿ ಜುಟ್ಟು ಸರಿಸಿ ಬೆರಳಿಟ್ಟು ನೋಡಿದ್ಲು. "ಅಯ್ಯೋ, ಕೂಸಿನ ನೆತ್ತಿಯಂಗೆ ಮೆತ್ತಗದೆ ಕಣಮ್ಮಿ, ಇನ್ನೂ ಕೂಡಿಲ್ಲ" ಅಂದು, ನಮ್ಗೆಲ್ಲ ತಟ್ಟಿದಂಗೇ ಅದಕ್ಕೂ ಎಣ್ಣೆ ತಟ್ಟಿದ್ಲು. ಮರಿ ನಾಲ್ಕೆಜ್ಜೆ ಹೋಗಿ, ಕತ್ತು ತಿರುಚ್ಕೊಂಡು ಅಂಗಾತ ಬಿದ್ದು ಕಾಲು ಬಡಿಯೋಕೆ ಶುರು ಮಾಡ್ತು. ನಾನು ಕಿರುಚ್ಬುಟ್ಟೆ.

ಮಾವ ಓಡಿಬಂದ. "ಅವ್ವೋ, ಅದು ಕೂಡಾದೇ ಇಲ್ಲ! ಕೆಲವು ಜುಟ್ಟಿನ ಮರಿಗೆ ನೆತ್ತಿ ಮೂಳೆ ತೆರೆದೇ ಇರ್ತದಂತೆ. ತಲೆ ಮುಟ್ಬ್ಯಾಡಿ ಅಂತ ಮಾರಿದೋನು ಬಡ್ಕೊಂಡಿದ್ದ!"

"ನಂಗೇಳಿದ್ಯೇನ್ಲಾ ನೀನು?" ಅಂತ ಅಜ್ಜಿ ಗದರಿದ್ಲು.

ಮಾವ ಮರೀನ ಹೊಟ್ಟೆ ಕೆಳಗಾಗಂಗೆ ತಿರುಗಿಸಿ, ಬುಟ್ಟೀಲಿ ಹಳೇ ಪಂಚೆ ಹಾಸಿ ಮಲಗಿಸ್ದ. ಅಜ್ಜಿ ಊಟ ಬಿಟ್ಟು ಬುಟ್ಟಿ ಪಕ್ಕಾನೇ ಕೂತ್ಲು, ಯಾರನ್ನೂ ಹತ್ರ ಬಿಡ್ಲಿಲ್ಲ.

ಬಿಸ್ಲು ಇಳಿಯೋ ಹೊತ್ಗೆ ಬುಟ್ಟಿ ಒಳಗಿಂದ ಸಣ್ಣಗೆ ಕೂಗು ಕೇಳ್ತು. ಎತ್ತಿ ಕೆಳಗಿಟ್ರೆ, ಮರಿ ವಾಲಾಡ್ಕೊಂಡೇ ಹೋಗಿ ನೀರಿನ ತಟ್ಟೆಗೆ ಕೊಕ್ಕು ಹಾಕ್ತು.

"ಕುಡಿ ನನ್ನಪ್ಪ, ಕುಡಿ" ಅಂದ್ಲು ಅಜ್ಜಿ. ಆಮೇಲೆ ಮಾವನ ಕಡೆ ತಿರುಗಿ, "ನೋಡ್ತಾ ನಿಂತಿದೀಯಲ್ಲ, ಈಗ ನಂಗೆ ಮುದ್ದೆ ಇಕ್ಕು ಕಣ್ಲಾ" ಅಂದ್ಲು.

ನಿಮ್ಮನೆ ಹಿರೀರೂ ಸಾಕಿದ ಪ್ರಾಣೀನ ಕೂಸು ಅಂದ್ಕೊಂಡು ಏನೇನು ಆರೈಕೆ ಮಾಡಿದ್ರು? ಕೆಳಗೆ ಬರೀರಿ, ಕೂತು ಓದ್ತೀನಿ.